ಯಾವ ಕ್ಲಚ್ ಹಾಕಬೇಕು? ಗ್ಯಾರೇಜಿನಲ್ಲಿ ಕಲಿತ ಘರ್ಷಣೆಯ ಪಾಠ



ಪ್ರಥಮ ಪಿಯುಸಿಯಲ್ಲಿ ಘರ್ಷಣೆಯ ಅಧ್ಯಾಯ ಮುಗಿಸುವ ದಿನ ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತದೆ: "ಸರ್, ಇದು ಪರೀಕ್ಷೆ ಬಿಟ್ಟರೆ ಮತ್ತೆಲ್ಲಿ ಬರತೈತ್ರಿ?" ಬ್ರೇಕು, ಚಪ್ಪಲಿ, ಬೆಂಕಿಕಡ್ಡಿ ಎಂದು ಹೇಳಿ ಮುಗಿಸುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ನಮ್ಮ ಕಾಲೇಜಿನ ಒಬ್ಬ ಹುಡುಗನ ಮನೆಯ ಇಡೀ ಹಂಗಾಮು ಈ ಅಧ್ಯಾಯದ ಒಂದೇ ಸೂತ್ರದ ಮೇಲೆ ನಿಂತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಲೆಕ್ಕದಲ್ಲಿ ನಾನೂ ಒಂದು ತಪ್ಪು ಮಾಡಿದೆ. ಅದನ್ನೂ ಇಲ್ಲಿ ಬರೆಯುತ್ತೇನೆ.

ಕಬ್ಬು ನುರಿಸುವ ಹಂಗಾಮು ಶುರುವಾಗಿ ತಿಂಗಳಾಗಿತ್ತು. ಒಬ್ಬ ಹುಡುಗ ನಾಲ್ಕು ದಿನ ಕ್ಲಾಸಿಗೆ ಬರಲಿಲ್ಲ. ಐದನೆಯ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಕೈಯ ಗ್ರೀಸ್ ಇನ್ನೂ ಹೋಗಿರಲಿಲ್ಲ.

"ಅಬ್ಬಾನ ಟ್ರ್ಯಾಕ್ಟರ್ ನಿಂತೈತಿ ಸರ್. ಕ್ಲಚ್ ಹೋಗೈತಿ. ತಿಂಗಳದಾಗ ಇದು ಎರಡನೇ ಸಲ. ಇನ್ನೊಂದ್ಸಲ ಹೋದ್ರ ನಾ ಕಾಲೇಜ್ ಬಿಡಬೇಕಾಗತೈತಿ."

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದವರಿಗೆ ಈ ಮಾತಿನ ಭಾರ ಬಿಡಿಸಿ ಹೇಳಬೇಕಿಲ್ಲ. ಕೃಷ್ಣೆ, ಘಟಪ್ರಭೆಯ ನೀರು ನಮ್ಮ ಹೊಲಗಳಿಗೆ ಕಬ್ಬನ್ನು ತಂದಿತು. 1989ರಲ್ಲಿ ಜಮಖಂಡಿ ಭಾಗದ ರೈತರು ಚಿಕ್ಕಪಡಸಲಗಿಯಲ್ಲಿ ತಾವೇ ದುಡ್ಡು ಹಾಕಿ, ತಾವೇ ದುಡಿದು ಬ್ಯಾರೇಜ್ ಕಟ್ಟಿದ್ದು ಇದೇ ನೀರಿಗಾಗಿ. ಕಬ್ಬು ಬಂದ ಮೇಲೆ ಅದನ್ನು ಕಾರ್ಖಾನೆಗೆ ಎಳೆಯಲು ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರಿನ ಜೊತೆ ಸಾಲದ ಕಂತು ಬಂತು. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ಒಣಗಿ ತೂಕ ಇಳಿಯುತ್ತದೆ. ಕಡಿಯುವ ತಂಡಕ್ಕೆ ಮುಂಗಡ ಕೊಟ್ಟಾಗಿರುತ್ತದೆ. ಟ್ರ್ಯಾಕ್ಟರ್ ನಿಂತರೆ ಇದೆಲ್ಲ ಒಟ್ಟಿಗೇ ನಿಲ್ಲುತ್ತದೆ.

ಹಣಕ್ಕಿಂತ ದೊಡ್ಡ ಗಾಬರಿಯೂ ಒಂದಿತ್ತು. ಸೇತುವೆಯ ಏರಿನಲ್ಲಿ ಎರಡು ಟ್ರೇಲರ್ ತುಂಬಿದ ಕಬ್ಬಿನೊಂದಿಗೆ ಹೋಗುವಾಗ ಇಂಜಿನ್ ಒಮ್ಮೆಲೇ ಜೋರಾಗಿ ಕೂಗಿತಂತೆ, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಬ್ರೇಕ್ ಒತ್ತಿದರೂ ಹಿಂದಿನ ಭಾರ ಟ್ರ್ಯಾಕ್ಟರನ್ನು ಒಂದೆರಡು ಮಾರು ಹಿಂದಕ್ಕೆ ಜಗ್ಗಿತು. ಹಿಂದೆ ಬೈಕಿನಲ್ಲಿ ಬರುತ್ತಿದ್ದವರು ಗಾಡಿ ಬಿಟ್ಟು ಪಕ್ಕಕ್ಕೆ ಹಾರಿ ಉಳಿದುಕೊಂಡರು. ಹುಡುಗ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕುಳಿತಿದ್ದ.

ಕ್ಲಚ್ ಮಾಡುವ ಕೆಲಸ

ಇಂಜಿನ್ ಸದಾ ತಿರುಗುತ್ತಿರಬೇಕು, ಗಾಲಿಗಳು ಬೇಕೆಂದಾಗ ಮಾತ್ರ ತಿರುಗಬೇಕು. ಇವೆರಡರ ನಡುವಿನ ಕೊಂಡಿಯೇ ಕ್ಲಚ್. ಇಂಜಿನ್ನಿನ ಹಿಂದೆ ಫ್ಲೈವೀಲ್ ಎಂಬ ಭಾರದ ಚಕ್ರವಿರುತ್ತದೆ. ಅದಕ್ಕೆ ಎದುರಾಗಿ ಸ್ಪ್ರಿಂಗ್‌ಗಳು ಒತ್ತುವ ಪ್ರೆಷರ್ ಪ್ಲೇಟ್ ಇರುತ್ತದೆ. ಇವೆರಡರ ನಡುವೆ, ಎರಡು ರೊಟ್ಟಿಗಳ ಮಧ್ಯೆ ಮೂರನೆಯದು ಇಟ್ಟಂತೆ, ಕ್ಲಚ್ ಪ್ಲೇಟ್ ಇರುತ್ತದೆ. ಅದರ ಎರಡೂ ಮುಖಗಳಿಗೆ ಲೈನಿಂಗ್ ಅಂಟಿರುತ್ತದೆ. ಪೆಡಲ್ ಬಿಟ್ಟಾಗ ಸ್ಪ್ರಿಂಗ್ ಒತ್ತುತ್ತದೆ, ಮೂರೂ ಒಂದಾಗಿ ತಿರುಗುತ್ತವೆ. ಇಲ್ಲಿ ಹಲ್ಲಿಲ್ಲ, ಬೋಲ್ಟ್ ಇಲ್ಲ. ಹಿಡಿದಿಡುವುದು ಘರ್ಷಣೆ ಒಂದೇ.

ಕ್ಲಚ್ ಜಾರದೆ ಎಷ್ಟು ಟಾರ್ಕ್, ಅಂದರೆ ತಿರುಚುಬಲ, ಹೊರಬಲ್ಲದು? ಸೂತ್ರ ಸರಳ:

ಕ್ಲಚ್‌ನ ಸಾಮರ್ಥ್ಯ = ಉಜ್ಜುವ ಮುಖಗಳ ಸಂಖ್ಯೆ × ಘರ್ಷಣಾ ಗುಣಾಂಕ × ಸ್ಪ್ರಿಂಗ್ ಒತ್ತುವ ಬಲ × ಸರಾಸರಿ ತ್ರಿಜ್ಯ

ಈ ಸೂತ್ರದಲ್ಲಿ ಲೈನಿಂಗ್‌ನ ವಿಸ್ತೀರ್ಣ ಇಲ್ಲ ಎಂಬುದನ್ನು ಗಮನಿಸಿ. ಘರ್ಷಣೆ ಒತ್ತುವ ಬಲವನ್ನು ಅವಲಂಬಿಸಿದೆ, ಮೇಲ್ನೋಟದ ವಿಸ್ತೀರ್ಣವನ್ನಲ್ಲ ಎಂದು ಫ್ರಾನ್ಸಿನ ಅಮೋಂಟನ್ಸ್ 1699ರಲ್ಲೇ ಹೇಳಿದ್ದ. ಹಾಗಾದರೆ ದೊಡ್ಡ ಪ್ಲೇಟಿನಿಂದ ಲಾಭವೇನು? ತ್ರಿಜ್ಯ ಹೆಚ್ಚುತ್ತದೆ, ಶಾಖ ಹರಡಿಕೊಳ್ಳಲು ಜಾಗ ಸಿಗುತ್ತದೆ, ಸವೆತ ನಿಧಾನವಾಗುತ್ತದೆ.

ಟರ್ಬೊ ತಂದ ತಾಪತ್ರಯ

ಮಿಸ್ತ್ರಿಯವರ ಗ್ಯಾರೇಜಿಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಇಂಜಿನ್ನಿನ ಪಕ್ಕದಲ್ಲಿದ್ದ ಒಂದು ಟರ್ಬೊ. ಈ 50 ಎಚ್‌ಪಿ ಟ್ರ್ಯಾಕ್ಟರಿಗೆ ಕಂಪನಿಯಿಂದ ಟರ್ಬೊ ಬಂದಿರಲಿಲ್ಲ. ಹಿಂದಿನ ಮಾಲೀಕರು ಜಾತ್ರೆಯ ಟ್ರ್ಯಾಕ್ಟರ್ ಜಗ್ಗಾಟಕ್ಕೆಂದು ಅದನ್ನು ಕೂಡಿಸಿ, ಡೀಸೆಲ್ ಪಂಪನ್ನೂ ತಿರುವಿಸಿ ಹೆಚ್ಚು ಎಣ್ಣೆ ಹೋಗುವಂತೆ ಮಾಡಿಸಿದ್ದರು. ಹುಡುಗನ ತಂದೆ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಾಗ "ಜೋರ್ ಐತಿ" ಎಂದು ಖುಷಿಪಟ್ಟಿದ್ದರು.

ಇಂಜಿನ್ ತಾನಾಗಿಯೇ ಉಸಿರೆಳೆದಾಗ ಸಿಲಿಂಡರಿಗೆ ಬರುವುದು ಹೆಚ್ಚೆಂದರೆ ವಾತಾವರಣದ ಒತ್ತಡದ ಗಾಳಿ. ಅದನ್ನು ಒತ್ತಿ ತುಂಬಿದರೆ ಅದೇ ಸಿಲಿಂಡರಿನಲ್ಲಿ ಹೆಚ್ಚು ಆಮ್ಲಜನಕ, ಹೆಚ್ಚು ಇಂಧನ, ಹೆಚ್ಚು ಟಾರ್ಕ್. ಹೊಗೆಯ ಬಲದಿಂದ ತಿರುಗುವುದು ಟರ್ಬೊಚಾರ್ಜರ್. ಇಂಜಿನ್ನಿನ ಬೆಲ್ಟಿನಿಂದ ತಿರುಗುವುದು ಸೂಪರ್‌ಚಾರ್ಜರ್. ಇಂಗ್ಲೆಂಡಿನ ಲೋಟಸ್ ಕಂಪನಿ ತನ್ನ ಎಕ್ಸಿಜ್ ಎಸ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ಟೊಯೋಟಾದ 1.8 ಲೀಟರ್ ಇಂಜಿನ್ನಿಗೆ ಸೂಪರ್‌ಚಾರ್ಜರ್ ಕೂಡಿಸಿತ್ತು. ಇಂಥ ಕಾರಿನವರಿಗೂ ನಮ್ಮ ಮುಧೋಳ ರಸ್ತೆಯ ಕಬ್ಬಿನ ಟ್ರ್ಯಾಕ್ಟರಿನವರಿಗೂ ಎದುರಾಗುವ ಪ್ರಶ್ನೆ ಒಂದೇ: ಇಂಜಿನ್ ಸ್ವಲ್ಪ ಬಲವಾಯಿತು, ಈಗ ಕ್ಲಚ್ ಎಂಥದ್ದು ಬೇಕು?

ಕೊಳ್ಳುವ ಮೊದಲು ಕಾರಣ ಹುಡುಕಿ

ಹಿಂದಿನ ಸಲ ಬೇರೆ ಕಡೆ ರಿಪೇರಿ ಮಾಡಿಸಿದಾಗ ಕ್ಲಚ್ ಪ್ಲೇಟ್ ಒಂದನ್ನೇ ಬದಲಿಸಿದ್ದರು; ಹಣ ಉಳಿಸಲು ಹಳೆಯ ಪ್ರೆಷರ್ ಪ್ಲೇಟನ್ನೇ ಕೂಡಿಸಿದ್ದರು. ಈ ಸಲ ಮಿಸ್ತ್ರಿ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಿದ ಮೇಲೆ ನಮ್ಮನ್ನು ಹತ್ತಿರ ಕರೆದು ಒಂದೊಂದಾಗಿ ತೋರಿಸಿದರು.

ಮೊದಲನೆಯದು ಎಣ್ಣೆ. ಕ್ರ್ಯಾಂಕ್ ಅಥವಾ ಗೇರ್ ಪೆಟ್ಟಿಗೆಯ ಸೀಲ್ ಸೋರಿ ಲೈನಿಂಗ್‌ಗೆ ಎಣ್ಣೆ ತಾಗಿದರೆ ಎಷ್ಟು ದುಬಾರಿ ಪ್ಲೇಟ್ ಹಾಕಿದರೂ ಜಾರುತ್ತದೆ. ಇಲ್ಲಿ ಎಣ್ಣೆ ಇರಲಿಲ್ಲ. ಎರಡನೆಯದು ಪೆಡಲಿನ ಆಟ. ಪೆಡಲ್ ಒತ್ತಿದಾಗ ಮೊದಲು ಸ್ವಲ್ಪ ಖಾಲಿ ಹೋಗಬೇಕು; ಆ ಆಟ ಇಲ್ಲದಿದ್ದರೆ ಕಾಲು ತೆಗೆದರೂ ಸ್ಪ್ರಿಂಗ್ ಪೂರ್ತಿ ಒತ್ತುವುದಿಲ್ಲ. ಇಲ್ಲಿ ಆಟ ಸರಿಯಿತ್ತು. ಮೂರನೆಯದು ಫ್ಲೈವೀಲಿನ ಮುಖ. ಅದು ಅಲ್ಲಲ್ಲಿ ನೀಲಿಯಾಗಿತ್ತು, ಕೂದಲೆಳೆಯಂಥ ಬಿರುಕುಗಳಿದ್ದವು. ವಿಪರೀತ ಕಾಯ್ದದ್ದರ ಗುರುತು ಅದು. ನಾಲ್ಕನೆಯದು ಪ್ರೆಷರ್ ಪ್ಲೇಟಿನ ಸ್ಪ್ರಿಂಗ್‌ಗಳು. ಕಾಯ್ದು ಕಾಯ್ದು ಅವು ಸೋತುಹೋಗಿದ್ದವು.

ಕಪ್ಪು ಹಲಗೆಯ ಲೆಕ್ಕ

ಮರುದಿನ ಕ್ಲಾಸಿನಲ್ಲಿ ಈ ಲೆಕ್ಕವನ್ನು ಎಲ್ಲರೂ ಸೇರಿ ಮಾಡಿದೆವು. ಕಲಿಯಲು ಅನುಕೂಲವಾಗಲೆಂದು ಅಂಕಿಗಳನ್ನು ದುಂಡಗೆ ತೆಗೆದುಕೊಂಡಿದ್ದೇವೆ. ಗಾಡಿಯಿಂದ ಗಾಡಿಗೆ ಅವು ಬದಲಾಗುತ್ತವೆ.

ಪ್ಲೇಟ್ 12 ಇಂಚಿನದು, ಸರಾಸರಿ ತ್ರಿಜ್ಯ 0.12 ಮೀಟರ್. ಮುಖಗಳು 2. ಸಾಮಾನ್ಯ ಆರ್ಗ್ಯಾನಿಕ್ ಲೈನಿಂಗ್‌ನ ಗುಣಾಂಕ ತಣ್ಣಗಿದ್ದಾಗ 0.3, ಬಹಳ ಕಾಯ್ದಾಗ 0.2. ಹೊಸ ಸ್ಪ್ರಿಂಗ್‌ಗಳ ಬಲ 5500 ನ್ಯೂಟನ್. ಇಂಜಿನ್ನಿನ ಮೂಲ ಟಾರ್ಕ್ 200 ನ್ಯೂಟನ್‌ಮೀಟರ್. ಟರ್ಬೊ ಕೂಡಿದ ಮೇಲೆ ಸುಮಾರು 250.

ಹೊಸ ಕ್ಲಚ್, ತಣ್ಣಗೆ: 2 × 0.3 × 5500 × 0.12 = 396 ನ್ಯೂಟನ್‌ಮೀಟರ್. ಮೂಲ ಇಂಜಿನ್ನಿಗೆ ಹೆಚ್ಚುಕಡಿಮೆ ಎರಡು ಪಟ್ಟು. ಅದೇ ಕ್ಲಚ್ ಕಾಯ್ದಾಗ 264. ಆಗಲೂ ಮೂಲ ಇಂಜಿನ್ನಿಗೆ ಸಾಕು.

ಈಗ ಸೋತ ಸ್ಪ್ರಿಂಗ್‌ಗಳ ಬಲ 4500 ಎಂದುಕೊಳ್ಳಿ. ತಣ್ಣಗಿದ್ದಾಗ 324, ಕಾಯ್ದಾಗ 216. ಮೂಲ ಇಂಜಿನ್ನಿನ 200ನ್ನು ಅದು ಹೇಗೋ ಹೊರುತ್ತಿತ್ತು. 250 ಬಂದರೆ ಹೊರಲಾರದು, ಜಾರುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಕ್ಲಚ್ ಮಧ್ಯಾಹ್ನ ಏರಿನಲ್ಲಿ ಕೈಕೊಟ್ಟದ್ದು ಏಕೆ ಎಂಬುದು ಈ ಎರಡು ಅಂಕಿಗಳಲ್ಲೇ ಇದೆ.

ಒಮ್ಮೆ ಜಾರತೊಡಗಿದರೆ ಆಪತ್ತು ತಾನಾಗಿಯೇ ಬೆಳೆಯುತ್ತದೆ. 216 ನ್ಯೂಟನ್‌ಮೀಟರ್ ಹಿಡಿತದಲ್ಲಿ ಎರಡು ಮುಖಗಳ ವೇಗದ ಅಂತರ ಸೆಕೆಂಡಿಗೆ 100 ರೇಡಿಯನ್ ಇದ್ದರೆ ಹುಟ್ಟುವ ಶಾಖ 21,600 ವ್ಯಾಟ್. ನೀರು ಕಾಯಿಸುವ ಒಂದು ಕಿಲೋವ್ಯಾಟ್ ಹೀಟರ್ 21 ಒಟ್ಟಿಗೆ ಉರಿದಂತೆ, ಅದೂ ಒಂದು ತಾಟಿನಷ್ಟು ಜಾಗದಲ್ಲಿ. ಶಾಖ ಹೆಚ್ಚಿದರೆ ಗುಣಾಂಕ ಇಳಿಯುತ್ತದೆ, ಗುಣಾಂಕ ಇಳಿದರೆ ಇನ್ನೂ ಜಾರುತ್ತದೆ.

ನಾಲ್ಕು ದಾರಿ, ನನ್ನ ಒಂದು ತಪ್ಪು

ಒಂದನೆಯ ದಾರಿ: ಕಂಪನಿಯ ಮೂಲ ಕ್ಲಚ್ಚನ್ನೇ ಪೂರ್ತಿ ಹೊಸದು ಹಾಕುವುದು. ಕಾಯ್ದಾಗ ಸಾಮರ್ಥ್ಯ 264, ಇಂಜಿನ್ 250. ಜಾರುವುದಿಲ್ಲ, ಆದರೆ ಅಂತರ ಬಹಳ ಕಡಿಮೆ. ಸ್ವಲ್ಪ ಸವೆದರೆ ಮತ್ತೆ ಅದೇ ಕಥೆ.

ಎರಡನೆಯ ದಾರಿ: ಲೈನಿಂಗ್ ಅದೇ ಜಾತಿಯದು, ಪ್ರೆಷರ್ ಪ್ಲೇಟ್ ಮಾತ್ರ 20 ಶೇಕಡಾ ಬಿಗಿಯಾದದ್ದು. ಬಲ 6600 ನ್ಯೂಟನ್. ತಣ್ಣಗೆ 475, ಕಾಯ್ದಾಗ 317. ಪೆಡಲ್ ಅಷ್ಟೇ ಗಟ್ಟಿಯಾಗುತ್ತದೆ, ರಿಲೀಸ್ ಬೇರಿಂಗ್ ಮೇಲೆ ಭಾರ ಬೀಳುತ್ತದೆ. ಸ್ವಲ್ಪ ಮಾತ್ರ ಬಲ ಹೆಚ್ಚಿಸಿದ ಸ್ಪೋರ್ಟ್ಸ್ ಕಾರಿಗೆ ಸಾಮಾನ್ಯವಾಗಿ ಇದೇ ಸರಿಯಾದ ದಾರಿ. ದಿನನಿತ್ಯ ಓಡಿಸಲು ಮೆತ್ತಗೆ ಇರುತ್ತದೆ, ಹಿಡಿತವೂ ಸಾಕಾಗುತ್ತದೆ.

ಮೂರನೆಯ ದಾರಿ: ಸೆರಾಮೆಟಾಲಿಕ್ ಕ್ಲಚ್. ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಬಿಲ್ಲೆಗಳು ಇದರ ಪ್ಲೇಟಿನಲ್ಲಿರುತ್ತವೆ. ಗುಣಾಂಕ 0.4 ಹಿಡಿದರೂ ಸಾಮರ್ಥ್ಯ 528. ಕಾಯ್ದರೂ ಹಿಡಿತ ಅಷ್ಟಾಗಿ ಬಿಡುವುದಿಲ್ಲ.

ಹಲಗೆಯ ಮೇಲೆ 528 ಎಲ್ಲಕ್ಕಿಂತ ದೊಡ್ಡ ಅಂಕಿಯಾಗಿ ನಿಂತಿತ್ತು. ನಾನು ಅದರ ಕೆಳಗೆ ಎರಡು ಗೆರೆ ಎಳೆದೆ. ಸಂಜೆ ಹುಡುಗನೊಂದಿಗೆ ಗ್ಯಾರೇಜಿಗೆ ಹೋಗಿ, "ಇದನ್ನೇ ಹಾಕಿ" ಎಂದೆ.

ಮಿಸ್ತ್ರಿ ಕೈ ಒರೆಸಿಕೊಂಡು ಹೇಳಿದರು: "ಸರ, ನಿಮ್ಮ ಲೆಕ್ಕ ಖರೇ ಐತಿ. ಆದ್ರ ಗೇರ್ ಬಾಕ್ಸಿಗೆ ಯಾರ ಕೇಳಿದ್ರಿ?"

ನಾನು ಸುಮ್ಮನಾದೆ. ಅವರ ಮಾತನ್ನು ಭೌತಶಾಸ್ತ್ರದ ಭಾಷೆಯಲ್ಲಿ ಹೀಗೆ ಹೇಳಬಹುದು. ಪೆಡಲನ್ನು ಒಮ್ಮೆಲೇ ಬಿಟ್ಟಾಗ ಗೇರುಗಳಿಗೆ ಬೀಳುವ ಏಟು ಇಂಜಿನ್ನಿನ ಟಾರ್ಕಿನಷ್ಟೇ ಅಲ್ಲ. ತಿರುಗುತ್ತಿರುವ ಫ್ಲೈವೀಲಿನ ಜಡತ್ವವೂ ಅದರೊಂದಿಗೆ ನುಗ್ಗುತ್ತದೆ. ಆ ಏಟಿಗೆ ಮಿತಿ ಹಾಕುವುದು ಕ್ಲಚ್‌ನ ಸಾಮರ್ಥ್ಯ. ಮೂಲ ಕ್ಲಚ್ ಇದ್ದರೆ 396ರ ಆಚೆ ಅದು ಜಾರಿ ಗೇರನ್ನು ಉಳಿಸುತ್ತದೆ. ಸೆರಾಮೆಟಾಲಿಕ್ ಆದರೆ 528ರವರೆಗೂ ಏಟು ದಾಟಿ ಹೋಗುತ್ತದೆ. ರಬಕವಿ-ಬನಹಟ್ಟಿಯ ಪವರ್‌ಲೂಮ್ ಮನೆಗಳ ಹುಡುಗರಿಗೆ ಇದು ಬೇಗ ತಿಳಿಯುತ್ತದೆ: ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಿದರೆ ಫ್ಯೂಸ್ ಉಳಿಯುತ್ತದೆ, ಮಗ್ಗದ ಮೋಟಾರು ಸುಡುತ್ತದೆ.

ಸೆರಾಮೆಟಾಲಿಕ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ದೊಡ್ಡ ಟ್ರ್ಯಾಕ್ಟರುಗಳಿಗೆ ಕಂಪನಿಯವರೇ ಅದನ್ನು ಕೂಡಿಸುತ್ತಾರೆ. ಅವುಗಳ ಗೇರು, ಶಾಫ್ಟು ಅದಕ್ಕೆ ತಕ್ಕಂತೆ ಇರುತ್ತವೆ. ಆದರೆ ಅದು ತಟ್ಟನೆ ಹಿಡಿಯುತ್ತದೆ. ಕಾರ್ಖಾನೆಯ ಅಂಗಳದ ಸಾಲಿನಲ್ಲಿ ಹತ್ತು ಹೆಜ್ಜೆ ಮುಂದೆ, ನಿಲ್ಲು, ಮತ್ತೆ ಹತ್ತು ಹೆಜ್ಜೆ ಎಂದು ಓಡಿಸುವಾಗ ಪ್ರತಿ ಸಲ ಟ್ರೇಲರಿನ ಕೊಂಡಿಗೆ ಜರ್ಕ್ ಬೀಳುತ್ತದೆ.

ನಾಲ್ಕನೆಯ ದಾರಿ

ಮಿಸ್ತ್ರಿ ಹೇಳಿದ ನಾಲ್ಕನೆಯ ದಾರಿ ನನ್ನ ಹಲಗೆಯ ಮೇಲೆ ಇರಲೇ ಇಲ್ಲ. "ಕ್ಲಚ್ ದೊಡ್ಡದು ಮಾಡೋದ್ಯಾಕ? ಟರ್ಬೊ ತಗದು ಪಂಪ್ ಮೊದಲಿನ ಗುರ್ತಿಗೆ ತರೋಣು. ಕಂಪನಿ ಕ್ಲಚ್ ಪೂರಾ ಸೆಟ್ ಹಾಕೋಣು."

ಲೆಕ್ಕ ನೋಡಿ: ಕಾಯ್ದ ಸಾಮರ್ಥ್ಯ 264, ಇಂಜಿನ್ 200. ಅನುಪಾತ 1.32. ಎರಡನೆಯ ದಾರಿಯಲ್ಲಿ 317ಕ್ಕೆ 250, ಅನುಪಾತ 1.27. ಭಿನ್ನರಾಶಿಯನ್ನು ದೊಡ್ಡದು ಮಾಡಲು ಅಂಶವನ್ನು ಹೆಚ್ಚಿಸಬಹುದು, ಛೇದವನ್ನು ಇಳಿಸಲೂಬಹುದು. ನಾನು ಅಂಶದ ಬೆನ್ನು ಹತ್ತಿ ಛೇದವನ್ನು ಮರೆತಿದ್ದೆ.

ಹುಡುಗನ ತಂದೆ ಒಪ್ಪಲಿಲ್ಲ. "ಜೋರ್ ಕಮ್ಮಿ ಆದ್ರ ಏರಿನ್ಯಾಗ ಎರಡು ಟ್ರೇಲರ್ ಹ್ಯಾಂಗ ಏರಿಸಲಿ ಭಾಯಿ?" ಎಂದರು. ನ್ಯಾಯವಾದ ಪ್ರಶ್ನೆ. ಉತ್ತರ ಕೊಟ್ಟದ್ದು ನಾನೂ ಅಲ್ಲ, ಮಿಸ್ತ್ರಿಯೂ ಅಲ್ಲ. ಹುಡುಗ ತನ್ನ ರೆಕಾರ್ಡ್ ಪುಸ್ತಕದ ಹಿಂದಿನ ಹಾಳೆ ತೆರೆದ.

ಒಟ್ಟು ಭಾರ 20,000 ಕೆ.ಜಿ. ಏರು 20ಕ್ಕೆ 1. ಇಳಿಜಾರಿನ ಎದುರು ಬೇಕಾದ ಬಲ 20,000 × 9.8 ÷ 20 = 9800 ನ್ಯೂಟನ್. ಗಾಲಿ ಉರುಳುವ ತಡೆ ಭಾರದ 2 ಶೇಕಡಾ ಎಂದರೆ 3920. ಒಟ್ಟು 13,720 ನ್ಯೂಟನ್. 50 ಎಚ್‌ಪಿ ಎಂದರೆ ಸುಮಾರು 37 ಕಿಲೋವ್ಯಾಟ್. ನಷ್ಟ ಕಳೆದು ಗಾಲಿಗೆ 30 ಕಿಲೋವ್ಯಾಟ್ ಸಿಗುತ್ತದೆ ಎಂದು ಹಿಡಿದ. ವೇಗ = ಸಾಮರ್ಥ್ಯ ÷ ಬಲ, ಅಂದರೆ ಸೆಕೆಂಡಿಗೆ 2.19 ಮೀಟರ್. 200 ಮೀಟರಿನ ಏರಿಗೆ 91 ಸೆಕೆಂಡ್. ಟರ್ಬೊ ಇದ್ದು ಕಾಲು ಭಾಗ ಹೆಚ್ಚು ಸಾಮರ್ಥ್ಯ ಸಿಕ್ಕರೆ 73 ಸೆಕೆಂಡ್.

"18 ಸೆಕೆಂಡ್ ಅಬ್ಬಾ," ಎಂದ ಹುಡುಗ. "ಒಂದು ಗೇರ್ ಕೆಳಗ ಹಾಕ್ಕೊಂಡು ಹೋದ್ರ ಏರತೈತಿ. 18 ಸೆಕೆಂಡ್ ತಡಾ ಆಗತೈತಿ, ಅಷ್ಟ."

ತಂದೆ ಸ್ವಲ್ಪ ಹೊತ್ತು ಬಿಚ್ಚಿದ ಟ್ರ್ಯಾಕ್ಟರನ್ನೇ ನೋಡುತ್ತ ನಿಂತರು. ಆಮೇಲೆ, "18 ಸೆಕೆಂಡಿಗೆ ಎರಡು ಕ್ಲಚ್ ಸುಟ್ಟೆ ನಾ," ಎಂದು ಟರ್ಬೊ ತೆಗೆಯಲು ಕೈಸನ್ನೆ ಮಾಡಿದರು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಜಾತ್ರೆಯ ಜಗ್ಗಾಟದ ಯಂತ್ರ ಬೇರೆ, ರಸ್ತೆಯ ಮೇಲೆ ಜನರ ನಡುವೆ ಓಡುವ ಟ್ರ್ಯಾಕ್ಟರ್ ಬೇರೆ.

ಕೊಳ್ಳುವಾಗ, ಕೂಡಿಸುವಾಗ, ಓಡಿಸುವಾಗ

ಟ್ರ್ಯಾಕ್ಟರ್ ಬಿಚ್ಚುವುದೇ ದೊಡ್ಡ ಕೆಲಸ. ಆದ್ದರಿಂದ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಸೀಲ್ ಎಲ್ಲವನ್ನೂ ಒಟ್ಟಿಗೆ ನೋಡಿ ಬದಲಿಸುವುದೇ ಉಳಿತಾಯ. ಫ್ಲೈವೀಲಿನ ಮುಖವನ್ನು ಲೇತಿನಲ್ಲಿ ಸಮ ಮಾಡಿಸಬೇಕು. ಬಿರುಕು ಆಳವಾಗಿದ್ದರೆ ಫ್ಲೈವೀಲನ್ನೇ ಬದಲಿಸಬೇಕು. ನಮ್ಮ ಟ್ರ್ಯಾಕ್ಟರಿನದು ಲೇತಿನಲ್ಲೇ ಹೋಯಿತು. ಹಳೆಯ ಪ್ಲೇಟನ್ನು ಅಂಗಡಿಗೆ ಒಯ್ದು ವ್ಯಾಸ, ನಡುವಿನ ಹಲ್ಲುಗಳ ಸಂಖ್ಯೆ ತಾಳೆ ನೋಡಿ. ಹಳೆಯ ಕಾಲದ ಲೈನಿಂಗ್‌ಗಳಲ್ಲಿ ಕಲ್ನಾರು ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಯಾವ ಕ್ಲಚ್ ಧೂಳನ್ನೂ ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ನಿಮ್ಮ ತಮ್ಮಂದಿರಿಗೆ ಇದನ್ನು ತಪ್ಪದೆ ಹೇಳಿ.

ಓಡಿಸುವವರಿಗೆ ಒಂದು ಲೆಕ್ಕ. ನಿಂತ ಗಾಡಿ ಹೊರಡುವಾಗ ಕ್ಲಚ್‌ನಲ್ಲಿ ಹುಟ್ಟುವ ಶಾಖ, ಸಮತಟ್ಟು ರಸ್ತೆಯಲ್ಲಿ, ಗಾಡಿ ಪಡೆಯುವ ಚಲನಶಕ್ತಿಯಷ್ಟೇ ಇರುತ್ತದೆ ಎಂದು ಹಿಡಿಯಬಹುದು. 20,000 ಕೆ.ಜಿ. ಭಾರ ಕೆಳ ಗೇರಿನಲ್ಲಿ ಸೆಕೆಂಡಿಗೆ 2 ಮೀಟರ್ ವೇಗಕ್ಕೆ ಬಂದರೆ 40,000 ಜೂಲ್. ಮೇಲಿನ ಗೇರಿನಲ್ಲಿ ಹೊರಟು 4 ಮೀಟರ್ ವೇಗಕ್ಕೆ ಹೋದರೆ 1,60,000 ಜೂಲ್. ವೇಗ ಎರಡು ಪಟ್ಟು, ಶಾಖ ನಾಲ್ಕು ಪಟ್ಟು. ಭಾರ ಇದ್ದಾಗ ಕೆಳ ಗೇರಿನಲ್ಲೇ ಹೊರಡಿ. ಸಾಲಿನಲ್ಲಿ ನಿಂತಾಗ ನ್ಯೂಟ್ರಲ್ ಮಾಡಿ. ಓಡಿಸುವಾಗ ಪೆಡಲಿನ ಮೇಲೆ ಕಾಲು ಇಟ್ಟುಕೊಂಡು ಕೂರಬೇಡಿ.

ಮೂರನೆಯ ದಿನ ಟ್ರ್ಯಾಕ್ಟರ್ ಹೊಲಕ್ಕೆ ಹೋಯಿತು, ಹುಡುಗ ಕ್ಲಾಸಿಗೆ ಬಂದ. ಹಂಗಾಮು ಮುಗಿಯುವ ತನಕ ಕ್ಲಚ್ ತಡೆಯಿತು. ತೆಗೆದ ಟರ್ಬೊ ಇನ್ನೂ ಮಿಸ್ತ್ರಿಯವರ ಗ್ಯಾರೇಜಿನ ಮೂಲೆಯಲ್ಲಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ದೊಡ್ಡ ಅಂಕಿಯ ಕೆಳಗೆ ಗೆರೆ ಎಳೆಯುವ ಮೊದಲು ಆ ಸೂತ್ರದ ಹೊರಗೆ ಏನು ಉಳಿದಿದೆ ಎಂದು ಕೇಳಿಕೊಳ್ಳುವುದನ್ನು ನಾನು ಅಲ್ಲಿ ಕಲಿತೆ.

ನಿಮಗೆ ಮೂರು ಪ್ರಶ್ನೆಗಳು

1. ಸರಾಸರಿ ತ್ರಿಜ್ಯ 0.12ರಿಂದ 0.13 ಮೀಟರಿಗೆ ಹೆಚ್ಚಿದರೆ ಹೊಸ ಕ್ಲಚ್‌ನ ತಣ್ಣನೆಯ ಸಾಮರ್ಥ್ಯ ಎಷ್ಟಾಗುತ್ತದೆ?

2. ಅದೇ ಏರಿನಲ್ಲಿ ಒಂದೇ ಟ್ರೇಲರ್ ಇದ್ದು ಒಟ್ಟು ಭಾರ 11,000 ಕೆ.ಜಿ. ಆದರೆ, ಟರ್ಬೊ ಇಲ್ಲದೆ 200 ಮೀಟರ್ ಏರಲು ಎಷ್ಟು ಸೆಕೆಂಡ್ ಬೇಕು?

3. ನಿಮ್ಮ ಮನೆಯ ಅಥವಾ ಓಣಿಯ ಯಾವ ಯಂತ್ರದಲ್ಲಿ ಘರ್ಷಣೆಯೇ ಬಲವನ್ನು ದಾಟಿಸುತ್ತದೆ? ಅದು ಜಾರಿದಾಗ ಯಾವುದು ಉಳಿಯುತ್ತದೆ, ಯಾವುದು ಕೆಡುತ್ತದೆ? ನೋಡಿ ಬಂದು ಒಂದು ಪುಟ ಬರೆಯಿರಿ.

ಉತ್ತರಗಳನ್ನು ಸ್ಟಾಫ್ ರೂಮಿಗೆ ತನ್ನಿ. ಕೈಗೆ ಗ್ರೀಸ್ ಹತ್ತಿದ್ದರೂ ಅಡ್ಡಿಯಿಲ್ಲ.